ಉದ್ವಿಗ್ನ ಸಮುದ್ರದಲ್ಲಿ ಖಾಸಗಿ ದೋಣಿ: ಸುರಕ್ಷತೆ ಮತ್ತು ಕಾನೂನಿನ ಸಮಗ್ರ ಮಾರ್ಗದರ್ಶಿ

2009ರ ನವೆಂಬರ್ ಕೊನೆಯಲ್ಲಿ ಬಹ್ರೇನ್‌ನಿಂದ ದುಬೈಗೆ ಸಾಗುತ್ತಿದ್ದ ಒಂದು ಸ್ಪರ್ಧಾ ಹಾಯಿದೋಣಿಯನ್ನು ಇರಾನ್ ನೌಕಾಪಡೆ ತಡೆಯಿತು. ಅದರಲ್ಲಿದ್ದ ಐವರು ಬ್ರಿಟಿಷ್ ನಾವಿಕರು ಒಂದು ವಾರ ಬಂಧನದಲ್ಲಿದ್ದು ಬಿಡುಗಡೆಯಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೇಶೆಲ್ಸ್ ಬಳಿ ಸೊಮಾಲಿ ಕಡಲ್ಗಳ್ಳರ ಕೈಗೆ ಸಿಕ್ಕ ದಂಪತಿಗೆ ಬಿಡುಗಡೆ ದೊರೆತದ್ದು 2010ರ ನವೆಂಬರ್‌ನಲ್ಲಿ. 2011ರ ಫೆಬ್ರವರಿಯಲ್ಲಿ ಅರಬ್ಬಿ ಸಮುದ್ರದಲ್ಲಿ ಅಪಹರಣಗೊಂಡ ಇನ್ನೊಂದು ಹಾಯಿದೋಣಿಯ ನಾಲ್ವರು ಅಮೆರಿಕನ್ನರನ್ನು ಕಡಲ್ಗಳ್ಳರು ಕೊಂದೇಬಿಟ್ಟರು.

ಈ ಮೂರೂ ಘಟನೆಗಳನ್ನು ಒಂದೇ ಸಾಲಿನಲ್ಲಿ ಹೇಳುವುದುಂಟು. ಆದರೆ ಮೊದಲನೆಯದರಲ್ಲಿ ತಡೆದದ್ದು ಒಂದು ದೇಶದ ಅಧಿಕೃತ ಪಡೆ, ಉಳಿದೆರಡರಲ್ಲಿ ದರೋಡೆಕೋರರು. ಒಂದಕ್ಕೆ ಬೇಕಾದ ಸಿದ್ಧತೆ ಇನ್ನೊಂದಕ್ಕೆ ತಿರುಗುಬಾಣವಾಗಬಹುದು. ಸರ್ಕಾರಿ ಪಡೆಗಳು ಇರುವ ಕಡೆ ದೋಣಿಯವರನ್ನು ಸಿಕ್ಕಿಸುವುದು ಅನುಮಾನ: ಯಾರಿವರು, ಇಲ್ಲೇಕೆ ಬಂದರು, ಹೇಳುತ್ತಿರುವುದು ನಿಜವೇ? ಅಲ್ಲಿ ನಿಮ್ಮ ಕಾಗದ, ರೇಡಿಯೊ ಮಾತು, ಸಾಗಿದ ಪಥ ಎಲ್ಲವೂ ಒಂದೇ ಕಥೆ ಹೇಳಬೇಕು. ಈ ಮಾರ್ಗದರ್ಶಿಯ ಬಹುಪಾಲು ಆ ಒಂದು ಕೆಲಸಕ್ಕೆ ಮೀಸಲು.

ಹಂತ 1: ಎಂಥ ಉದ್ವಿಗ್ನತೆ ಎಂಬುದನ್ನು ಮೊದಲು ಗುರುತಿಸಿ

ಯುದ್ಧ ನಡೆಯುತ್ತಿರುವ ನೀರು, ಗಡಿ ವಿವಾದದ ನೀರು, ಕಡಲ್ಗಳ್ಳರ ನೀರು, ಆರ್ಥಿಕ ನಿರ್ಬಂಧ ಹೇರಿದ ದೇಶದ ನೀರು ಇವು ನಾಲ್ಕು ಬೇರೆ ಬೇರೆ ಸಮಸ್ಯೆಗಳು. ಕಪ್ಪು ಸಮುದ್ರದಲ್ಲಿ 2022ರ ಮಾರ್ಚ್‌ನಿಂದ ತೇಲುವ ಸಿಡಿಮದ್ದುಗಳ ಭಯವಿದೆ. ಸಿಡಿಮದ್ದು ಯಾರ ಕಾಗದವನ್ನೂ ನೋಡುವುದಿಲ್ಲ. ಕೆಂಪು ಸಮುದ್ರದ ದಕ್ಷಿಣ ಭಾಗದಲ್ಲಿ 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿ ಪಡೆಗಳು ವಾಣಿಜ್ಯ ಹಡಗುಗಳ ಮೇಲೆ ಕ್ಷಿಪಣಿ, ಡ್ರೋನ್ ಹಾರಿಸಿದವು. ಫಿಲಿಪ್ಪೀನ್ಸ್ ಬಳಿಯ ಸುಲು ಸಮುದ್ರದಲ್ಲಿ ಹಾಯಿದೋಣಿಯವರನ್ನು ಒತ್ತೆಯಿಟ್ಟು ಹಣ ಕೇಳಿದ್ದುಂಟು. ದಕ್ಷಿಣ ಚೀನಾ ಸಮುದ್ರದಲ್ಲಾದರೆ ಒಂದೇ ನೀರಿನ ಮೇಲೆ ಎರಡು ಮೂರು ದೇಶಗಳ ಕಾನೂನು ಹಕ್ಕು ಸಾಧಿಸುತ್ತದೆ.

ಮೊದಲ ಬಗೆಯ ನೀರಿಗೆ ನನ್ನ ಸಲಹೆ ಒಂದೇ: ಹೋಗಬೇಡಿ. ಎಷ್ಟೇ ಎಚ್ಚರದಿಂದ ದೋಣಿ ನಡೆಸಿದರೂ ಕ್ಷಿಪಣಿಯಿಂದಾಗಲಿ ಸಿಡಿಮದ್ದಿನಿಂದಾಗಲಿ ಉಳಿಯಲು ಅದು ಸಾಲದು. ಮುಂದಿನ ಹಂತಗಳು ಉಳಿದ ಮೂರಕ್ಕೆ.

ಮಾಹಿತಿಗೆ ಸುದ್ದಿವಾಹಿನಿಯನ್ನು ನಂಬಿ ಕೂರುವಂತಿಲ್ಲ. ಜಗತ್ತಿನ ಸಮುದ್ರಗಳನ್ನು 21 ನಾವ್‌ಏರಿಯಾ ವಲಯಗಳಾಗಿ ವಿಂಗಡಿಸಲಾಗಿದ್ದು, ಪ್ರತಿ ವಲಯಕ್ಕೂ ಅಧಿಕೃತ ನೌಕಾ ಎಚ್ಚರಿಕೆಗಳು ಹೊರಡುತ್ತವೆ. ಗುಂಡು ಹಾರಿಸುವ ಅಭ್ಯಾಸ, ಮುಚ್ಚಿದ ಪ್ರದೇಶ, ತೇಲುವ ಸ್ಫೋಟಕದಂಥ ಸಂಗತಿಗಳು ಅಲ್ಲಿ ಬರುತ್ತವೆ. ಕರಾವಳಿ ಹತ್ತಿರವಿದ್ದಾಗ 518 ಕಿಲೋಹರ್ಟ್ಸ್‌ನ ನಾವ್‌ಟೆಕ್ಸ್, ಅಂದರೆ ಎಚ್ಚರಿಕೆಗಳನ್ನು ಅಕ್ಷರರೂಪದಲ್ಲಿ ಕಳುಹಿಸುವ ರೇಡಿಯೊ ಸೇವೆಯ ಸಂದೇಶಗಳನ್ನು ನೋಡುತ್ತಿರಿ. ಕಡಲ್ಗಳ್ಳತನದ ತಾಜಾ ವರದಿಗಳಿಗೆ ಕ್ವಾಲಾಲಂಪುರದಲ್ಲಿ ಐಎಂಬಿಯ (ಅಂತರರಾಷ್ಟ್ರೀಯ ಸಾಗರ ಬ್ಯೂರೊ) ಕೇಂದ್ರವಿದೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಕೆಂಪು ಸಮುದ್ರ ಮತ್ತು ಪರ್ಷಿಯನ್ ಕೊಲ್ಲಿಗೆ ಯುಕೆಎಂಟಿಒ ಎಂಬ ಬ್ರಿಟಿಷ್ ವರದಿ ಕೇಂದ್ರವಿದೆ. ಒಂದು ಎಚ್ಚರಿಕೆ: 2023ರ ಜನವರಿ 1ರಂದು ಹಡಗು ಉದ್ಯಮವು ಹಿಂದೂ ಮಹಾಸಾಗರದ ಅತಿ ಅಪಾಯದ ವಲಯ ಎಂಬ ಗುರುತನ್ನು ತೆಗೆದುಹಾಕಿತು. ಆ ವರ್ಷ ಮುಗಿಯುವ ಮೊದಲೇ, ಡಿಸೆಂಬರ್‌ನಲ್ಲಿ, ರುಯೆನ್ ಎಂಬ ಸರಕು ಹಡಗು ಸೊಮಾಲಿ ಕಡಲ್ಗಳ್ಳರ ವಶವಾಯಿತು. ಹಳೆಯ ನಕ್ಷೆಯ ಮೇಲೆ ಗುರುತಿಲ್ಲ ಎಂದು ನೆಮ್ಮದಿಯಿಂದ ಇರಬೇಡಿ.

ಹಂತ 2: ನಕ್ಷೆಯ ಮೇಲೆ ಗೆರೆಗಳನ್ನು ನೀವೇ ಎಳೆಯಿರಿ

ಕಾನೂನಿನ ಪ್ರಶ್ನೆಗಳೆಲ್ಲ ಶುರುವಾಗುವುದು ನೀವು ಎಲ್ಲಿದ್ದೀರಿ ಎಂಬುದರಿಂದ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಮೂಲರೇಖೆಯಿಂದ (ಸಮುದ್ರದ ಗಡಿ ಅಳೆಯಲು ಶುರುಮಾಡುವ ಗೆರೆ) 12 ನಾಟಿಕಲ್ ಮೈಲಿವರೆಗೆ ಆ ದೇಶದ ಪ್ರಾದೇಶಿಕ ಸಮುದ್ರ. 24ರವರೆಗೆ ಸುಂಕ, ವಲಸೆಯಂಥ ವಿಷಯಗಳಲ್ಲಿ ತಪಾಸಣೆಯ ಅಧಿಕಾರವಿರುವ ವಲಯ. 200ರವರೆಗೆ ಮೀನು, ಖನಿಜದಂಥ ಸಂಪತ್ತಿನ ಮೇಲೆ ಆ ದೇಶಕ್ಕೆ ಹಕ್ಕಿರುವ ವಿಶೇಷ ಆರ್ಥಿಕ ವಲಯ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್.

ಹೆಚ್ಚಿನವರು ಎಡವುವುದು ಮೂಲರೇಖೆಯ ವಿಷಯದಲ್ಲಿ. 12 ಮೈಲಿಯನ್ನು ಕಣ್ಣಿಗೆ ಕಾಣುವ ದಡದಿಂದ ಅಳೆಯುತ್ತಾರೆ. ಆದರೆ ಹಲವು ದೇಶಗಳು ಒಂದು ಭೂಶಿರದಿಂದ ಇನ್ನೊಂದಕ್ಕೆ, ಹೊರದ್ವೀಪದಿಂದ ಹೊರದ್ವೀಪಕ್ಕೆ ನೇರ ಗೆರೆ ಎಳೆದು ಅದನ್ನೇ ಮೂಲರೇಖೆ ಎನ್ನುತ್ತವೆ. ಆಗ ದಡದಿಂದ 30 ಮೈಲಿ ದೂರವಿದ್ದರೂ ನೀವು ಅವರ ಒಳನೀರಿನಲ್ಲೇ ಇರಬಹುದು. ಲಿಬಿಯಾ 1973ರಲ್ಲಿ 32 ಡಿಗ್ರಿ 30 ನಿಮಿಷ ಉತ್ತರ ಅಕ್ಷಾಂಶದ ಗೆರೆ ಎಳೆದು ಇಡೀ ಸಿದ್ರಾ ಕೊಲ್ಲಿಯೇ ತನ್ನದು ಎಂದಿತು. ಅನೇಕ ದೇಶಗಳು ಅದನ್ನು ಒಪ್ಪಿಲ್ಲ. ಹಾಗೆಯೇ ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದ ಚಾರಿತ್ರಿಕ ಹಕ್ಕಿನ ವಾದವನ್ನು 2016ರ ಜುಲೈ 12ರ ಅಂತರರಾಷ್ಟ್ರೀಯ ಪಂಚಾಯ್ತಿ ತೀರ್ಪು ತಳ್ಳಿಹಾಕಿತು. ಚೀನಾ ಆ ತೀರ್ಪನ್ನೇ ಒಪ್ಪಲಿಲ್ಲ. 2024ರ ಜೂನ್ 15ರಿಂದ ಜಾರಿಯಾದ ಅದರ ಕರಾವಳಿ ಕಾವಲು ಪಡೆಯ ನಿಯಮವು ವಿದೇಶಿಯರನ್ನು 60 ದಿನಗಳವರೆಗೂ ವಶದಲ್ಲಿಡಲು ಅವಕಾಶ ಕೊಡುತ್ತದೆ. ಯಾರ ವಾದ ಸರಿ ಎಂದು ನಡುಸಮುದ್ರದಲ್ಲಿ ತೀರ್ಮಾನಿಸುವುದು ನಿಮ್ಮಿಂದಾಗದ ಕೆಲಸ. ಎದುರಿಗೆ ಬಂದ ಹಡಗು ಯಾವ ಗೆರೆಯನ್ನು ನಂಬುತ್ತದೆಯೋ ಅದನ್ನು ನಕ್ಷೆಯ ಮೇಲೆ ಕೆಂಪಿನಲ್ಲಿ ಎಳೆಯಿರಿ. ಅದರಿಂದ ಹೊರಗೆ ಇನ್ನೂ ಐದಾರು ಮೈಲಿ ಬಿಟ್ಟು ನಿಮ್ಮ ದಾರಿ ಹಾಕಿಕೊಳ್ಳಿ. ಎಂಜಿನ್ ಕೆಟ್ಟು, ಗಾಳಿ ಬಿದ್ದು, ದೋಣಿ ಪ್ರವಾಹದಲ್ಲಿ ತೇಲಿಹೋದರೆ ಆ ಅಂತರವೇ ನಿಮಗೆ ಸಮಯ ಕೊಡುತ್ತದೆ. 2016ರ ಜನವರಿಯಲ್ಲಿ ಫಾರ್ಸಿ ದ್ವೀಪದ ಬಳಿ ದಾರಿ ತಪ್ಪಿ ಇರಾನ್ ನೀರಿಗೆ ಹೋದ ಎರಡು ಅಮೆರಿಕನ್ ನೌಕಾಪಡೆ ದೋಣಿಗಳು ಹತ್ತು ಮಂದಿಯೊಂದಿಗೆ ಸೆರೆಸಿಕ್ಕವು. ತರಬೇತಾದ ಪಡೆಗೇ ಹೀಗಾಗುವುದಾದರೆ ಇಬ್ಬರು ಮೂವರಿರುವ ಹಾಯಿದೋಣಿಗೆ ಅಂತರ ಎಷ್ಟಿದ್ದರೂ ಹೆಚ್ಚಲ್ಲ.

ಪ್ರಾದೇಶಿಕ ಸಮುದ್ರದ ಮೂಲಕ ತೊಂದರೆ ಕೊಡದೆ ಹಾದುಹೋಗುವ ಹಕ್ಕು ಖಾಸಗಿ ದೋಣಿಗೂ ಇದೆ. ಆದರೆ ಆ ಸಂಚಾರ ನಿಲ್ಲದೆ, ತಡಮಾಡದೆ ಸಾಗಬೇಕು ಎನ್ನುತ್ತದೆ ಅದೇ ಒಪ್ಪಂದದ 18ನೇ ವಿಧಿ. ಸಾಮಾನ್ಯ ನೌಕಾಯಾನಕ್ಕೆ ಅಗತ್ಯವಾದಾಗ, ಅಪಾಯದಲ್ಲಿದ್ದಾಗ ಅಥವಾ ಅಪಾಯದಲ್ಲಿರುವವರಿಗೆ ನೆರವಾಗುವಾಗ ಮಾತ್ರ ಲಂಗರು ಹಾಕಬಹುದು. ಚೆಂದದ ಕೊಲ್ಲಿ ಕಂಡಿತೆಂದು ರಾತ್ರಿ ತಂಗಿ, ಬೆಳಿಗ್ಗೆ ಈಜಿ, ನಾಲ್ಕು ಮೀನು ಹಿಡಿದರೆ ಆ ಹಕ್ಕು ಮುಗಿಯಿತು. 19ನೇ ವಿಧಿಯ ಪಟ್ಟಿಯಲ್ಲಿ ಮೀನುಗಾರಿಕೆ ಇದೆ, ಸಮೀಕ್ಷೆ ಇದೆ, ಆ ದೇಶದ ರಕ್ಷಣೆಗೆ ಧಕ್ಕೆ ತರುವ ಮಾಹಿತಿ ಸಂಗ್ರಹವಿದೆ, ಯಾವುದೇ ವಿಮಾನವನ್ನು ಹಾರಿಸುವುದೂ ಇದೆ. ಡೆಕ್ಕಿನಿಂದ ಹಾರಿಸುವ ಕ್ಯಾಮೆರಾ ಡ್ರೋನನ್ನು ಈ ಕೊನೆಯೆರಡರಡಿ ತರುವುದು ಯಾವ ಅಧಿಕಾರಿಗೂ ಕಷ್ಟವಲ್ಲ.

ಜಲಸಂಧಿಗಳ ಲೆಕ್ಕ ಬೇರೆ. ಹೋರ್ಮುಜ್ ಅತಿ ಕಿರಿದಾದಲ್ಲಿ ಸುಮಾರು 21 ನಾಟಿಕಲ್ ಮೈಲಿ. ಇರಾನ್‌ನ 12, ಒಮಾನ್‌ನ 12 ಸೇರಿದರೆ ನಡುವೆ ಯಾರದ್ದೂ ಅಲ್ಲದ ನೀರು ಉಳಿಯುವುದಿಲ್ಲ. ಇಂಥ ಕಡೆ ತಡೆಯಿಲ್ಲದ ಸಂಚಾರದ ಹಕ್ಕನ್ನು ಒಪ್ಪಂದ ಕೊಡುತ್ತದೆ. ಆದರೆ ಇರಾನ್ ಸಹಿ ಹಾಕಿದೆಯೇ ಹೊರತು ಅನುಮೋದಿಸಿಲ್ಲ. ಆ ಹಕ್ಕು ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಮಾತ್ರ ಎಂದು ಸಹಿ ಹಾಕುವಾಗಲೇ ಹೇಳಿದೆ. ಅಮೆರಿಕ, ಟರ್ಕಿ, ಇಸ್ರೇಲ್ ಕೂಡ ಒಪ್ಪಂದದಲ್ಲಿಲ್ಲ. ನಿಮ್ಮ ದೋಣಿಯ ಧ್ವಜ (ಅಂದರೆ ಅದು ನೋಂದಣಿಯಾದ ದೇಶ) ಯಾವುದು, ನೀರು ಯಾರದ್ದು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡಿಯೇ ಹಕ್ಕಿನ ಮಾತು ಆಡಬೇಕು.

ಹಂತ 3: ಕಾಗದ, ಧ್ವಜ, ಬಂದರುಗಳ ಸರದಿ

ನೋಂದಣಿ ಪತ್ರ, ವಿಮೆ, ರೇಡಿಯೊ ಪರವಾನಗಿ, ಸಿಬ್ಬಂದಿ ಪಟ್ಟಿ, ಹಿಂದಿನ ಬಂದರಿನ ನಿರ್ಗಮನ ಪತ್ರ, ಪಾಸ್‌ಪೋರ್ಟ್‌ಗಳು. ಇವುಗಳ ಮೂಲಪ್ರತಿ ನೀರು ತಾಗದ ಚೀಲದಲ್ಲಿ, ಒಂದು ಪ್ರತಿ ದಡದಲ್ಲಿರುವ ನಂಬಿಕಸ್ಥರ ಬಳಿ. ಇಷ್ಟು ಎಲ್ಲರಿಗೂ ಗೊತ್ತು. ಬಹಳ ಮಂದಿ ಗಮನಿಸದ ವಿಷಯ ಬಂದರುಗಳ ಸರದಿ.

ಸೈಪ್ರಸ್ ಗಣರಾಜ್ಯವು ದ್ವೀಪದಲ್ಲಿ ಟರ್ಕಿ ಪಡೆಗಳ ಹಿಡಿತಕ್ಕೆ ಹೋದ ಉತ್ತರ ಭಾಗದ ಫಾಮಗುಸ್ತಾ, ಕೈರೇನಿಯಾ ಬಂದರುಗಳನ್ನು 1974ರಲ್ಲೇ ಮುಚ್ಚಿದವೆಂದು ಘೋಷಿಸಿದೆ. ಆ ಬಂದರುಗಳಿಗೆ ಹೋಗಿ ನಂತರ ದಕ್ಷಿಣಕ್ಕೆ ಬಂದ ದೋಣಿಯ ನಾಯಕ ಶಿಕ್ಷೆಗೆ ಗುರಿಯಾಗಬಹುದು. ಉತ್ತರದಲ್ಲಿ ಮಾತ್ರ ಎಲ್ಲವೂ ಸಲೀಸಾಗಿ ನಡೆದಿರುತ್ತದೆ. ಅಲ್ಲಿ ಯಾರೂ ಎಚ್ಚರಿಸುವುದಿಲ್ಲ. ರಷ್ಯಾ ವಶಕ್ಕೆ ಹೋದ ಕ್ರಿಮಿಯಾದ ಬಂದರುಗಳನ್ನು ಉಕ್ರೇನ್ 2014ರಲ್ಲಿ ಮುಚ್ಚಿತು. ತನ್ನಿಂದ ಬೇರ್ಪಟ್ಟ ಅಬ್ಖಾಜಿಯಾ ಪ್ರದೇಶಕ್ಕೆ ತನ್ನ ಅನುಮತಿಯಿಲ್ಲದೆ ಹೋಗುವುದನ್ನು ಜಾರ್ಜಿಯಾ 2008ರ ಕಾನೂನಿನ ಮೂಲಕ ಅಪರಾಧವಾಗಿಸಿದೆ. ಇಸ್ರೇಲ್‌ನಿಂದ ಬಂದ ಗುರುತಿದ್ದರೆ ಲೆಬನಾನ್ ಒಳಗೆ ಬಿಡುವುದಿಲ್ಲ. ದಾರಿ ಹಾಕುವಾಗಲೇ ಪ್ರತಿ ಬಂದರಿನ ಮುಂದೆ ಒಂದು ಪ್ರಶ್ನೆ ಬರೆದುಕೊಳ್ಳಿ: ಇಲ್ಲಿಗೆ ಹೋದರೆ ಮುಂದಿನ ಯಾವ ಬಾಗಿಲು ಮುಚ್ಚುತ್ತದೆ?

ದೋಣಿಯ ಧ್ವಜದ ದೇಶ ಹೇರಿದ ನಿರ್ಬಂಧಗಳೂ ಇದೇ ಪಟ್ಟಿಗೆ ಸೇರುತ್ತವೆ. 2019ರ ಜೂನ್‌ನಲ್ಲಿ ಅಮೆರಿಕ ತನ್ನ ಖಾಸಗಿ ವಿಹಾರ ದೋಣಿಗಳು ಕ್ಯೂಬಾಕ್ಕೆ ಹೋಗುವುದನ್ನು ನಿಲ್ಲಿಸಿತು. ಅಲ್ಲಿಗೆ ಹೋದವರಿಗೆ ಕ್ಯೂಬಾದಲ್ಲಿ ತೊಂದರೆಯಿಲ್ಲ, ಮನೆಗೆ ಮರಳಿದಾಗ ಇದೆ.

ಸಿಬ್ಬಂದಿಯಲ್ಲಿ ಎರಡು ಪೌರತ್ವವುಳ್ಳವರು ಇದ್ದರೆ ಹೊರಡುವ ಮೊದಲೇ ಅವರೊಂದಿಗೆ ಬಿಚ್ಚುಮನಸ್ಸಿನಿಂದ ಮಾತನಾಡಿ. ಇರಾನ್‌ನಂಥ ದೇಶಗಳು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಅಲ್ಲಿ ಬಂಧನವಾದರೆ ಅವರನ್ನು ಸ್ವಂತ ಪ್ರಜೆಯೆಂದೇ ಪರಿಗಣಿಸಿ, ಇನ್ನೊಂದು ದೇಶದ ರಾಯಭಾರಿಗೆ ಭೇಟಿಯ ಅವಕಾಶವನ್ನೇ ನಿರಾಕರಿಸಬಹುದು. ಉಳಿದವರು ವಾರದಲ್ಲಿ ಬಿಡುಗಡೆಯಾದರೂ ಇವರು ಒಳಗೇ ಉಳಿಯುವ ಸಾಧ್ಯತೆ ಇದೆ.

ಹಂತ 4: ದೋಣಿಯಲ್ಲಿ ಏನಿರಬಾರದು

ಬಂದೂಕು ಬೇಡ. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. 2013ರ ಅಕ್ಟೋಬರ್‌ನಲ್ಲಿ ಸೀಮನ್ ಗಾರ್ಡ್ ಓಹಿಯೊ ಎಂಬ ಭದ್ರತಾ ನೌಕೆಯನ್ನು ಭಾರತದ ಅಧಿಕಾರಿಗಳು ತಮಿಳುನಾಡಿನ ಕರಾವಳಿಯಾಚೆ ತಡೆದರು. ಕಡಲ್ಗಳ್ಳರಿಂದ ಹಡಗುಗಳನ್ನು ಕಾಯುವುದೇ ಅದರ ಕಸುಬು, ಬಂದೂಕುಗಳಿದ್ದದ್ದು ಅದಕ್ಕಾಗಿ. ಆದರೂ ಅದರಲ್ಲಿದ್ದ 35 ಮಂದಿಗೆ 2016ರ ಜನವರಿಯಲ್ಲಿ ಐದು ವರ್ಷಗಳ ಶಿಕ್ಷೆಯಾಯಿತು. 2017ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅವರನ್ನು ಖುಲಾಸೆಗೊಳಿಸಿತು. ಖುಲಾಸೆಗೆ ಹಿಡಿದದ್ದು ನಾಲ್ಕು ವರ್ಷ. ವಕೀಲರು, ಕಂಪನಿ ಬೆನ್ನಿಗಿದ್ದವರ ಪಾಡೇ ಇದಾದರೆ ಸ್ವಂತ ದೋಣಿಯವರ ಗತಿಯನ್ನು ಊಹಿಸಿಕೊಳ್ಳಿ. ಮೇಲಾಗಿ ರೈಫಲ್ ಹಿಡಿದ ಐದಾರು ಮಂದಿಯ ಎದುರು ನಿಮ್ಮ ಒಂದು ಬಂದೂಕು ಮಾಡುವ ಕೆಲಸ, ದರೋಡೆಯನ್ನು ಕೊಲೆಯಾಗಿ ಬದಲಿಸುವುದಷ್ಟೇ.

ಬಂದೂಕಿನಷ್ಟೇ ತೊಂದರೆ ಕೊಡುವ ಸಾಧು ವಸ್ತುಗಳೂ ಇವೆ. ಭಾರತದಲ್ಲಿ ಅನುಮತಿಯಿಲ್ಲದೆ ತುರಾಯಾ, ಇರಿಡಿಯಂ ಉಪಗ್ರಹ ಫೋನ್ ಇಟ್ಟುಕೊಳ್ಳುವಂತಿಲ್ಲ. ಮೊರಾಕೊ, ಈಜಿಪ್ಟ್ ಡ್ರೋನ್‌ಗಳನ್ನು ಒಳಗೆ ಬಿಡುವುದಿಲ್ಲ. ಟ್ರಾಮಡಾಲ್‌ನಂಥ ನೋವುನಿವಾರಕ ಈಜಿಪ್ಟ್‌ನಲ್ಲೂ ಯುಎಇಯಲ್ಲೂ ಕಟ್ಟುನಿಟ್ಟಿನ ನಿಯಂತ್ರಣದಲ್ಲಿದೆ; ವೈದ್ಯರ ಚೀಟಿಯಿಲ್ಲದೆ ಔಷಧಪೆಟ್ಟಿಗೆಯಲ್ಲಿ ಅದು ಇರಬಾರದು. ಉಪಗ್ರಹ ಫೋನ್ ಜೀವರಕ್ಷಕವೂ ಹೌದಾದ್ದರಿಂದ ಎಸೆಯಲಾಗದು. ದಾರಿಯ ಪ್ರತಿ ದೇಶದಲ್ಲೂ ಅದರ ನಿಯಮ ಕೇಳಿಕೊಂಡು, ಬಂದರಿಗೆ ಕಾಲಿಡುವಾಗಲೇ ಘೋಷಿಸಿ.

ಹಂತ 5: ವಿಮೆಯ ಸಣ್ಣ ಅಕ್ಷರ

ಸಾಮಾನ್ಯ ದೋಣಿ ವಿಮೆಯಲ್ಲಿ ಯುದ್ಧ, ಮುಟ್ಟುಗೋಲು, ಬಂಧನಗಳಿಂದಾಗುವ ನಷ್ಟ ಸೇರಿರುವುದಿಲ್ಲ. ಲಂಡನ್ ವಿಮಾ ಮಾರುಕಟ್ಟೆಯ ಜಾಯಿಂಟ್ ವಾರ್ ಕಮಿಟಿ ಅಪಾಯದ ಪ್ರದೇಶಗಳ ಪಟ್ಟಿ ಹೊರಡಿಸುತ್ತದೆ. ಆ ಪಟ್ಟಿಯ ನೀರಿಗೆ ವಿಮಾ ಕಂಪನಿಗೆ ತಿಳಿಸದೆ ಹೋದರೆ ರಕ್ಷಣೆ ಇಲ್ಲದಂತಾಗಬಹುದು. ಯುದ್ಧ ಅಪಾಯದ ವಿಮೆ ಪ್ರತ್ಯೇಕವಾಗಿ ಸಿಗುತ್ತದಾದರೂ, ಕೆಲವೇ ದಿನಗಳ ನೋಟಿಸ್ ಕೊಟ್ಟು ಅದನ್ನು ರದ್ದುಮಾಡುವ ಷರತ್ತು ಅದರಲ್ಲಿರುತ್ತದೆ. ಹತ್ತು ದಿನದ ಪ್ರಯಾಣದ ನಡುವೆ ರದ್ದಾದರೆ ಏನಾಗುತ್ತದೆ ಎಂದು ಲಿಖಿತವಾಗಿ ಕೇಳಿ.

ಹಂತ 6: ಕಾಣಿಸಿಕೊಳ್ಳಬೇಕೇ, ಅಡಗಬೇಕೇ?

ದೋಣಿಯವರಲ್ಲಿ ಅತಿ ಹೆಚ್ಚು ವಾದಕ್ಕೆ ಕಾರಣವಾಗುವುದು ಎಐಎಸ್ (ಸ್ವಯಂಚಾಲಿತ ಗುರುತಿನ ವ್ಯವಸ್ಥೆ). ನಿಮ್ಮ ಹೆಸರು, ದೋಣಿಯ ರೇಡಿಯೊ ಗುರುತಾದ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ, ಸ್ಥಾನ, ವೇಗ ಎಲ್ಲವನ್ನೂ ಸುತ್ತಮುತ್ತ ಬಿತ್ತರಿಸುವ ಸಾಧನ ಇದು. ಅಂತರರಾಷ್ಟ್ರೀಯ ನಿಯಮದಂತೆ 300 ಟನ್ ಮೀರಿದ ಹಡಗುಗಳಿಗೆ ಕಡ್ಡಾಯ, ಸಣ್ಣ ಖಾಸಗಿ ದೋಣಿಗೆ ಸಾಮಾನ್ಯವಾಗಿ ಅಲ್ಲ. ಕಡಲ್ಗಳ್ಳರೂ ಇದನ್ನು ನೋಡಬಲ್ಲರು ಎಂಬುದು ನಿಜ.

ನನ್ನ ನಿಲುವು ಇದು: ಸರ್ಕಾರಿ ಪಡೆಗಳು ಗಸ್ತು ತಿರುಗುವ, ಗಡಿ ವಿವಾದದ ನೀರಿನಲ್ಲಿ ಎಐಎಸ್ ಸದಾ ಚಾಲೂ ಇರಲಿ. ಕತ್ತಲಲ್ಲಿ ರಾಡಾರ್ ಪರದೆಯ ಮೇಲೆ ಹೆಸರಿಲ್ಲದ ಚುಕ್ಕೆಯೊಂದು ಗಡಿಯತ್ತ ಸರಿಯುತ್ತಿದ್ದರೆ ಗಸ್ತಿನ ಅಧಿಕಾರಿ ಒಳ್ಳೆಯದನ್ನು ಊಹಿಸುವುದಿಲ್ಲ. ಸ್ವಿಚ್ ಆರಿಸಿದ್ದೇ ಮುಂದೆ ಆರೋಪಪಟ್ಟಿಯಲ್ಲಿ ಒಂದು ಸಾಲಾಗುತ್ತದೆ. ಕಡಲ್ಗಳ್ಳರ ಪ್ರದೇಶದಲ್ಲಿ ಮಾತ್ರ ಯುಕೆಎಂಟಿಒದಂಥ ಕೇಂದ್ರಕ್ಕೆ ಮೊದಲೇ ನೋಂದಾಯಿಸಿ, ಅವರ ಸಲಹೆಯಂತೆ ನಡೆಯಿರಿ. ಎಐಎಸ್ ಆಫ್ ಮಾಡುವುದಾದರೆ ಗಂಟೆ, ಸ್ಥಾನ, ಕಾರಣ ಮೂರನ್ನೂ ಲಾಗ್ ಪುಸ್ತಕದಲ್ಲಿ (ಪ್ರಯಾಣದ ದಿನಚರಿ) ಬರೆದು, ಕೇಂದ್ರಕ್ಕೆ ಇಮೇಲ್ ಮಾಡಿ. ನಿಮ್ಮ ದೈನಂದಿನ ಸ್ಥಾನವನ್ನು ಸಾಮಾಜಿಕ ಜಾಲತಾಣಕ್ಕೆ ಹಾಕುವುದನ್ನಂತೂ ಪೂರ್ತಿ ನಿಲ್ಲಿಸಿ.

ಹಂತ 7: ಜಿಪಿಎಸ್ ಸುಳ್ಳು ಹೇಳುತ್ತದೆ ಎಂದುಕೊಂಡೇ ಸಾಗಿ

2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ನೊವೊರೊಸ್ಸಿಸ್ಕ್ ಬಳಿ ಹಲವು ಹಡಗುಗಳ ಪರದೆಗಳು ಅವು ಒಳನಾಡಿನ ವಿಮಾನ ನಿಲ್ದಾಣದಲ್ಲಿವೆ ಎಂದು ತೋರಿಸಿದವು. ಹೀಗೆ ಢಾಳಾಗಿ ತಪ್ಪಿದರೆ ಗೊತ್ತಾಗುತ್ತದೆ. ಎರಡು ಮೂರು ಮೈಲಿ ಮಾತ್ರ ತಪ್ಪಿದರೆ ಗೊತ್ತಾಗುವುದಿಲ್ಲ, ಗಡಿ ದಾಟಲು ಅಷ್ಟು ಸಾಕು.

ಆದ್ದರಿಂದ ದಡ ಕಾಣುವಾಗಲೆಲ್ಲ ಗಂಟೆಗೊಮ್ಮೆ ಕೈ ದಿಕ್ಸೂಚಿ ಹಿಡಿದು ದೀಪಸ್ತಂಭ, ಭೂಶಿರ, ಬೆಟ್ಟದ ತುದಿ ಹೀಗೆ ಮೂರು ಗುರುತುಗಳ ದಿಕ್ಕು ಅಳೆಯಿರಿ. ಕಾಗದದ ನಕ್ಷೆಯ ಮೇಲೆ ಮೂರು ಗೆರೆ ಎಳೆದರೆ ಅವು ಸಣ್ಣ ತ್ರಿಕೋನದಲ್ಲಿ ಸೇರುತ್ತವೆ. ನೀವಿರುವುದು ಅದರ ಆಸುಪಾಸಿನಲ್ಲಿ. ಆಳಮಾಪಕದ ಅಂಕಿ ನಕ್ಷೆಯ ಆಳಕ್ಕೆ ಹೊಂದುತ್ತದೆಯೇ ನೋಡಿ. ರಾಡಾರ್ ಇದ್ದರೆ ಭೂಶಿರದ ದೂರ ಅಳೆಯಿರಿ. ಎಲ್ಲವನ್ನೂ ಸಮಯದೊಂದಿಗೆ ಲಾಗ್ ಪುಸ್ತಕಕ್ಕೆ ಹತ್ತಿಸಿ. ಹೀಗೆ ಬರೆದಿಟ್ಟದ್ದು ದಾರಿ ತೋರಿಸುವುದಷ್ಟೇ ಅಲ್ಲ. ನೀವು ಗಡಿ ದಾಟಿದಿರಿ ಎಂದು ಯಾರಾದರೂ ಆರೋಪಿಸಿದಾಗ ನಿಮ್ಮ ಕೈಯಲ್ಲಿರುವ ಸಾಕ್ಷ್ಯವೂ ಅದೇ.

ಹಂತ 8: ಯಾರಾದರೂ ಕರೆದಾಗ, ಹತ್ತಿ ಬಂದಾಗ

ವಿಎಚ್‌ಎಫ್ ರೇಡಿಯೊದಲ್ಲಿ ಕರೆಗೂ ತುರ್ತಿಗೂ ಮೀಸಲಾದ 16ನೇ ಚಾನೆಲ್ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಲಿ. ಕರೆ ಬಂದರೆ ತಕ್ಷಣ ಉತ್ತರಿಸಿ: ದೋಣಿಯ ಹೆಸರು, ಧ್ವಜ, ಎಲ್ಲಿಂದ ಎಲ್ಲಿಗೆ, ಎಷ್ಟು ಜನ. ಕೇಳಿದ್ದಕ್ಕೆ ಮಾತ್ರ ಉತ್ತರ, ಪ್ರತಿ ಬಾರಿಯೂ ಅದೇ ಉತ್ತರ. ನಿಲ್ಲಿಸಲು ಹೇಳಿದರೆ ನಿಲ್ಲಿಸಿ. ತೆರೆದ ಸಮುದ್ರದಲ್ಲಿ ಯುದ್ಧನೌಕೆಯು ವಿದೇಶಿ ದೋಣಿಯನ್ನು ಹತ್ತಲು ಸಮುದ್ರ ಕಾನೂನು ಒಪ್ಪಂದದ 110ನೇ ವಿಧಿ ಕೆಲವೇ ಕಾರಣಗಳನ್ನು ಒಪ್ಪುತ್ತದೆ. ಆದರೆ ಬಂದೂಕು ಹಿಡಿದವರೊಂದಿಗೆ ವಿಧಿಯ ಸಂಖ್ಯೆ ಹೇಳಿ ಜಗಳವಾಡುವುದು ಮೂರ್ಖತನ. ಆಕ್ಷೇಪವನ್ನು ಮೆಲುದನಿಯಲ್ಲಿ ಒಮ್ಮೆ ಹೇಳಿ, ಸಮಯ ಬರೆದಿಡಿ.

ಅವರ ದೋಣಿ ಪಕ್ಕಕ್ಕೆ ಬರುವ ಮೊದಲು ಸಿಗುವ ಕೆಲವು ನಿಮಿಷಗಳಲ್ಲಿ ಮಾಡಬೇಕಾದ ಕೆಲಸಗಳಿವೆ. ಮೊದಲೇ ಬರೆದಿಟ್ಟ ಸಂದೇಶವನ್ನು ಸ್ಥಾನದೊಂದಿಗೆ ದಡದಲ್ಲಿರುವವರಿಗೆ ಕಳುಹಿಸಿ. ಎಲ್ಲರೂ ಮೇಲೆ ಬಂದು ಕೈಗಳು ಕಾಣುವಂತೆ ಕುಳಿತುಕೊಳ್ಳಲಿ. ರಾತ್ರಿಯಾದರೆ ಡೆಕ್ಕಿನ ದೀಪ ಹಾಕಿ. ಮೊಬೈಲ್‌ನಲ್ಲಿ ಚಿತ್ರೀಕರಿಸಬೇಡಿ. ಮಾತನಾಡುವವರು ಒಬ್ಬರೇ, ಉಳಿದವರು ಮೌನ. ಶೋಧನೆಗೆ ಅವರೊಂದಿಗೆ ನಿಮ್ಮವರೊಬ್ಬರು ಹೋಗಲು ವಿನಯದಿಂದ ಕೇಳಿ. ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ಬಲವಂತವಾದರೆ "ಓದಲು ಬರಲಿಲ್ಲ" ಎಂದು ಸಹಿಯ ಪಕ್ಕದಲ್ಲೇ ಬರೆಯಿರಿ.

ಬಂದವರು ಕಡಲ್ಗಳ್ಳರಾದರೆ ಕ್ರಮ ಬೇರೆ. ದೂರದಲ್ಲಿರುವಾಗಲೇ ರೇಡಿಯೊದ ಡಿಎಸ್‌ಸಿ ಗುಂಡಿ (ಅಪಾಯದ ಸಂಕೇತವನ್ನು ತಾನೇ ಕಳುಹಿಸುವ ಗುಂಡಿ) ಒತ್ತಿ, 16ರಲ್ಲಿ ಪ್ರಾಣಾಪಾಯದ ಮೇಡೇ ಕರೆ ಕೊಟ್ಟು, ಪೂರ್ಣ ವೇಗದಲ್ಲಿ ದೂರ ಸರಿಯಿರಿ. ಹತ್ತಿಬಿಟ್ಟರೆ ಪ್ರತಿರೋಧ ಬೇಡ. ಬಿಡುಗಡೆಗೆ ಪಡೆಗಳು ಬಂದಾಗ ನೆಲಕ್ಕೆ ಒರಗಿ, ಕೈಗಳನ್ನು ತೋರಿಸಿ, ಎದ್ದು ಓಡಬೇಡಿ. 2009ರ ಏಪ್ರಿಲ್‌ನಲ್ಲಿ ಸೊಮಾಲಿಯಾ ಬಳಿ ಫ್ರೆಂಚ್ ಹಾಯಿದೋಣಿಯೊಂದನ್ನು ಕಮಾಂಡೊಗಳು ಬಿಡಿಸುವಾಗ ಒತ್ತೆಯಾಳೊಬ್ಬರೇ ಗುಂಡಿಗೆ ಬಲಿಯಾದರು.

ಹಂತ 9: ಬಂಧನವಾದರೆ

ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ನಿಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸುವಂತೆ ಕೇಳುವ ಹಕ್ಕು ಕೊಡುತ್ತದೆ. ಅದು ಕೇಳಿದರೆ ಮಾತ್ರ ಸಿಗುತ್ತದೆ; ಮೊದಲ ದಿನವೇ ಕೇಳಿ, ಮತ್ತೆ ಮತ್ತೆ ಕೇಳಿ. ಸಿಬ್ಬಂದಿಯ ಪ್ರತಿಯೊಬ್ಬರೂ ಅವರವರ ದೇಶದ ಕಚೇರಿಯನ್ನು ಕೇಳಬೇಕು, ದೋಣಿಯ ಪರವಾಗಿ ಧ್ವಜದ ದೇಶ ಮಾತನಾಡುತ್ತದೆ. ಆ ದೇಶದ ಬೆಂಬಲ ಎಷ್ಟು ಮುಖ್ಯವೆಂಬುದಕ್ಕೆ ಗ್ರೀನ್‌ಪೀಸ್ ಪರಿಸರ ಸಂಸ್ಥೆಯ ಆರ್ಕ್‌ಟಿಕ್ ಸನ್‌ರೈಸ್ ಹಡಗಿನ ಪ್ರಕರಣ ನೋಡಿ. 2013ರ ಸೆಪ್ಟೆಂಬರ್‌ನಲ್ಲಿ ರಷ್ಯಾ ಆ ಹಡಗಿನೊಂದಿಗೆ 30 ಮಂದಿಯನ್ನು ವಶಕ್ಕೆ ಪಡೆಯಿತು. ಧ್ವಜದ ದೇಶವಾದ ನೆದರ್‌ಲೆಂಡ್ಸ್ ಹ್ಯಾಂಬರ್ಗ್‌ನ ಸಮುದ್ರ ಕಾನೂನು ನ್ಯಾಯಮಂಡಳಿಗೆ ಹೋಯಿತು. 36 ಲಕ್ಷ ಯೂರೊ ಭದ್ರತೆಯ ಮೇಲೆ ಬಿಡುವಂತೆ ನವೆಂಬರ್ 22ರಂದು ಆದೇಶ ಬಂತು. ಅಗ್ಗದ ಶುಲ್ಕಕ್ಕಾಗಿ ಯಾವುದೋ ದೇಶದ ಧ್ವಜ ಹಾರಿಸುವವರು ಆ ದೇಶ ತಮಗಾಗಿ ಇಷ್ಟು ಮಾಡೀತೇ ಎಂದು ಯೋಚಿಸಬೇಕು.

ಹಂತ 10: ಅಪಾಯದಲ್ಲಿರುವವರು ಎದುರಾದರೆ

ತುಂಬಿ ತುಳುಕುವ ರಬ್ಬರ್ ದೋಣಿಯಲ್ಲಿ ವಲಸಿಗರು ಕಾಣಿಸಬಹುದು. ಸಮುದ್ರದಲ್ಲಿ ಪ್ರಾಣಾಪಾಯದಲ್ಲಿರುವವರಿಗೆ ನೆರವಾಗುವುದು ಕಾನೂನಿನ ಕರ್ತವ್ಯ, ಮನುಷ್ಯರ ಕರ್ತವ್ಯವಂತೂ ಹೌದು. ಅದೇ ಹೊತ್ತಿಗೆ ಕೆಲವು ದೇಶಗಳಲ್ಲಿ ದಡಕ್ಕೆ ತಂದವರ ಮೇಲೇ ಮಾನವ ಕಳ್ಳಸಾಗಣೆಯ ಮೊಕದ್ದಮೆ ಬೀಳುತ್ತದೆ. ಆದ್ದರಿಂದ ಮೊದಲು ರಕ್ಷಣಾ ಸಮನ್ವಯ ಕೇಂದ್ರಕ್ಕೆ ಕರೆ ಮಾಡಿ, ಅವರು ಹೇಳಿದ್ದನ್ನು ಸಮಯದೊಂದಿಗೆ ಬರೆಯಿರಿ. ಲೈಫ್ ಜಾಕೆಟ್, ನೀರು ಎಸೆದು, ನೆರವು ಬರುವವರೆಗೆ ಹತ್ತಿರದಲ್ಲೇ ಇರಿ. ಜನ ನೀರಿಗೆ ಬೀಳುತ್ತಿದ್ದರೆ ಅನುಮತಿಗೆ ಕಾಯದೆ ಹತ್ತಿಸಿಕೊಳ್ಳಿ. ಮೊಕದ್ದಮೆಯ ಭಯಕ್ಕೆ ಮುಳುಗುವವರನ್ನು ಬಿಟ್ಟು ಹೋಗಿ ಎಂದು ನಾನು ಯಾರಿಗೂ ಹೇಳಲಾರೆ.

ಹಂತ 11: ಮರಳುವ ಗೆರೆ

ನಕ್ಷೆಯ ಮೇಲೆ ಇನ್ನೊಂದು ಗೆರೆ ಹೊರಡುವ ಮೊದಲೇ ಬೀಳಬೇಕು: ಇಲ್ಲಿಯವರೆಗೆ ಬಂದಾಗ ಎಚ್ಚರಿಕೆ ಬದಲಾಗಿದ್ದರೆ, ಎಂಜಿನ್ ಸರಿಯಿಲ್ಲದಿದ್ದರೆ, ವಿಮೆ ರದ್ದಾಗಿದ್ದರೆ ಹಿಂದಿರುಗುವುದು ಎಂದು. ಆ ಗೆರೆಯಿಂದ ಸುರಕ್ಷಿತ ಬಂದರಿಗೆ ಮರಳುವಷ್ಟು ಇಂಧನ, ಕುಡಿಯುವ ನೀರು ಉಳಿದಿರಬೇಕು. ನಿರ್ಧಾರವನ್ನು ಆ ಹೊತ್ತಿನ ಉತ್ಸಾಹಕ್ಕೆ ಬಿಡದೆ ಕಾಗದದ ಮೇಲೆ ಎಲ್ಲರ ಸಹಿಯೊಂದಿಗೆ ಇಟ್ಟುಕೊಂಡರೆ ಒಬ್ಬರ ಹಟ ಗೆಲ್ಲುವುದಿಲ್ಲ.

ಬದಲಿ ದಾರಿಗಳೂ ಇವೆ. ಕೆಂಪು ಸಮುದ್ರ ಬಿಟ್ಟು ಗುಡ್‌ಹೋಪ್ ಭೂಶಿರ ಸುತ್ತಿಬರುವುದು ಸಾವಿರಾರು ಮೈಲಿ ಹೆಚ್ಚು, ಅಲ್ಲಿನ ಹವಾಮಾನವೂ ಕಠಿಣ. ಆದರೆ ಹವಾಮಾನಕ್ಕೆ ಮುನ್ಸೂಚನೆ ಇರುತ್ತದೆ. ದೋಣಿಯನ್ನು ಸರಕು ಹಡಗಿನ ಮೇಲೆ ಏರಿಸಿ ಕಳುಹಿಸಿ, ತಾವು ವಿಮಾನದಲ್ಲಿ ಹೋಗುವವರೂ ಇದ್ದಾರೆ. ದುಬಾರಿಯಾದರೂ ಮಕ್ಕಳಿರುವ ಕುಟುಂಬಕ್ಕೆ ನಾನು ಹೇಳುವುದು ಅದನ್ನೇ. ಹಾದುಹೋಗಿಯೇ ಬಿಟ್ಟಿದ್ದರೆ, ದಡ ಸೇರಿದ ದಿನವೇ ವರದಿ ಕೇಂದ್ರಕ್ಕೆ ತಲುಪಿದ ಸುದ್ದಿ ತಿಳಿಸಿ; ಇಲ್ಲದಿದ್ದರೆ ನಿಮಗಾಗಿ ಹುಡುಕಾಟ ಶುರುವಾಗುತ್ತದೆ. ಲಾಗ್ ಪುಸ್ತಕ, ಪ್ಲಾಟರ್‌ನ (ವಿದ್ಯುನ್ಮಾನ ನಕ್ಷೆಯ ಪರದೆ) ಪಥದ ದಾಖಲೆ, ನಿರ್ಗಮನ ಪತ್ರಗಳನ್ನು ಅಳಿಸದೆ ಕೆಲವು ವರ್ಷ ಇಟ್ಟುಕೊಳ್ಳಿ. ಆ ನೀರಿನಿಂದ ಬಂದ ದೋಣಿಯೆಂದು ಮುಂದಿನ ಬಂದರುಗಳಲ್ಲಿ ಸುಂಕದ ಅಧಿಕಾರಿಗಳು ಮತ್ತೆ ಮತ್ತೆ ಕೇಳುವುದು ಅವನ್ನೇ.